ಬೋರ್‌ವೆಲ್ ನೀರಿನಲ್ಲಿ ಮಲಾವಿಯ ಮೀನುಗಳು: ನನ್ನ ಅನುಭವ

ನಾನು ಆಫ್ರಿಕನ್ ಸಿಕ್ಲಿಡ್ ಎಂಬ ಅಲಂಕಾರಿಕ ಮೀನುಗಳತ್ತ ತಿರುಗಿದ್ದಕ್ಕೆ ಬೆಂಗಳೂರಿನ ನಮ್ಮ ಮನೆಯ ಬೋರ್‌ವೆಲ್ ನೀರೇ ಕಾರಣ. ಗೀಸರ್‌ನೊಳಗೆ ಸುಣ್ಣ ಕಟ್ಟಿಸುವ ಆ ಗಡಸು ನೀರಿನಲ್ಲಿ, ಮೆದು ನೀರಿನ ನಿಯಾನ್ ಟೆಟ್ರಾಗಳು ನನ್ನ ಕೈಯಲ್ಲಿ ಬಾಳಲಿಲ್ಲ. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳಿಗಾದರೋ ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) 7.8ರಿಂದ 8.6ರವರೆಗಿನ ಕ್ಷಾರೀಯ ನೀರೇ ಸಹಜ. ಬೋರ್‌ವೆಲ್‌ನಿಂದ ಆಗತಾನೇ ಎತ್ತಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಪಿಎಚ್ ತುಸು ಕಡಿಮೆಯಿರುತ್ತದೆ. ಡ್ರಮ್ಮಿನಲ್ಲಿ ತುಂಬಿ ರಾತ್ರಿಯಿಡೀ ಗಾಳಿಯಾಡಿಸಿದರೆ ನನ್ನಲ್ಲಿ 7.4 ಇದ್ದದ್ದು 8.1ಕ್ಕೆ ಏರುತ್ತದೆ.

ನೀರು ಒಗ್ಗಿತು, ಆದರೆ ಮೀನಿನ ಆಯ್ಕೆಯಲ್ಲಿ ನಾನು ಎಡವಿದೆ. ಅಂಗಡಿಯೊಂದರಲ್ಲಿ 'ಮಿಕ್ಸೆಡ್ ಆಫ್ರಿಕನ್' ಎಂದು ಮಾರುತ್ತಿದ್ದ ಮರಿಗಳನ್ನು ಹೆಸರು ವಿಚಾರಿಸದೆ ತಂದೆ. ಹಳದಿ ಮೈಯ, ಕಪ್ಪು ಪಟ್ಟೆಯ ಚೆಲುವಾದ ಮರಿಯೊಂದು ಬೆಳೆಯುತ್ತಾ ಕಪ್ಪು ಬಣ್ಣಕ್ಕೆ ತಿರುಗಿ, ಆರಾಟಸ್ ಜಾತಿಯ ಗಂಡೆಂದು ತಿಳಿಯುವ ಹೊತ್ತಿಗೆ ಜೊತೆಯ ಮೂರು ಮೀನುಗಳನ್ನು ಅಟ್ಟಾಡಿಸಿ ಕೊಂದಿತ್ತು. ಆ ಸಾವುಗಳಿಗೆ ನನ್ನ ಅವಸರವೇ ಹೊಣೆ ಎಂದು ಇಂದಿಗೂ ನೋಯುತ್ತೇನೆ.

ಎರಡನೆಯ ಸಲ ಸುಮಾರು 240 ಲೀಟರಿನ ನಾಲ್ಕಡಿ ತೊಟ್ಟಿಗೆ ಎಲ್ಲೋ ಲ್ಯಾಬ್ ಎಂಬ ಆರು ಹಳದಿ ಸಿಕ್ಲಿಡ್‌ಗಳನ್ನೂ, ಒಂದು ಗಂಡು ನಾಲ್ಕು ಹೆಣ್ಣಿನ ಪೀಕಾಕ್ ಸಿಕ್ಲಿಡ್ ಗುಂಪನ್ನೂ ಬಿಟ್ಟೆ. ಎಲ್ಲೋ ಲ್ಯಾಬ್‌ನ ಶಾಸ್ತ್ರೀಯ ನಾಮವಾದ ಲ್ಯಾಬಿಡೋಕ್ರೋಮಿಸ್ ಸೆರುಲಿಯಸ್‌ನಲ್ಲಿ 'ಸೆರುಲಿಯಸ್' ಎಂದರೆ ನೀಲಿ. ಸರೋವರದಲ್ಲಿ ಈ ಜಾತಿಯ ಬಿಳಿ, ತಿಳಿನೀಲಿ ಬಗೆಗಳೂ ಇವೆ. ಬಂಡೆಗಳ ನಡುವೆ ಬದುಕುವ ಮೀನುಗಳಲ್ಲಿ ಇದು ಬಹಳ ಸಾಧು ಸ್ವಭಾವದ್ದು. ಪೀಕಾಕ್‌ಗಳು ತಲೆಯಲ್ಲಿರುವ ಸಂವೇದಕ ರಂಧ್ರಗಳಿಂದ ಮರಳಿನಡಿಯ ಜೀವಿಗಳ ಅಲುಗಾಟವನ್ನು ಗ್ರಹಿಸಿ ಬೇಟೆಯಾಡುವುದರಿಂದ, ಕಲ್ಲುಗಳನ್ನೆಲ್ಲ ಒಂದು ಬದಿಗೆ ಪೇರಿಸಿ ಉಳಿದರ್ಧವನ್ನು ನಯವಾದ ಮರಳಿಗೇ ಬಿಟ್ಟೆ. ಈ ಮೀನುಗಳು ಮರಳು ತೋಡಿದರೂ ಕಲ್ಲು ಜರುಗದಿರಲೆಂದು, ಮೊದಲು ತಳದ ಗಾಜಿನ ಮೇಲೆ ತೆಳುವಾದ ಥರ್ಮೋಕೋಲ್ ಹಾಸಿ ಅದರ ಮೇಲೆ ಕಲ್ಲುಗಳನ್ನು ಕೂರಿಸಿ, ಆಮೇಲೆ ಮರಳು ಸುರಿದೆ. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸುತ್ತೇನೆ. ಸ್ಪಿರುಲಿನಾ ಎಂಬ ನೀಲಿ-ಹಸಿರು ಪಾಚಿ ಬೆರೆತ ಮೀನಿನಾಹಾರದ ಸಣ್ಣ ಕಾಳುಗಳನ್ನು ಹಿತಮಿತವಾಗಿ ಹಾಕುತ್ತೇನೆ.

ಹತ್ತನೆಯ ತಿಂಗಳಲ್ಲಿ ಒಂದು ಹೆಣ್ಣು ಲ್ಯಾಬ್ ಗಂಟಲುಬ್ಬಿಸಿಕೊಂಡು, ಕಾಳು ಹಾಕಿದರೂ ಮೇಲೆ ಬಾರದೆ ಕಲ್ಲಿನ ಸಂದಿಯಲ್ಲಿ ನಿಂತಿತು. ಬಾಯಿಯಲ್ಲಿ ಮೊಟ್ಟೆ ಹೊತ್ತಿದ್ದ ಆ ತಾಯಿಯನ್ನು ಬೇರೆ ತೊಟ್ಟಿಗೆ ಹಿಡಿದು ಹಾಕಿ ಬೆದರಿಸಲು ಮನಸ್ಸಾಗಲಿಲ್ಲ. ಸುಮಾರು ಮೂರು ವಾರ ಉಪವಾಸವಿದ್ದು ಅದು ಮರಿಗಳನ್ನು ಬಿಟ್ಟಿತು. ದೊಡ್ಡ ಮೀನುಗಳ ಬಾಯಿಗೆ ಬೀಳದೆ ಸಂದಿಗಳಲ್ಲಿ ಉಳಿದುಕೊಂಡ ಐದು ಮರಿಗಳು ಈಗ ಹೆಬ್ಬೆರಳುದ್ದವಾಗಿ ಹಿಂಡಿನೊಂದಿಗೇ ಮೇಯುತ್ತಿವೆ.