ಎಂಟನೇ ತರಗತಿಯ ಹೊಸಬರಿಗೆ ಶಾಲೆಯಲ್ಲೇ ಒಬ್ಬ ಅಕ್ಕ, ಒಬ್ಬ ಅಣ್ಣ: ಜೋಡಿ ಕಟ್ಟುವುದು ಹೇಗೆ?

ಯಾದಗಿರಿ ಜಿಲ್ಲೆಯ ಅನೇಕ ಹಳ್ಳಿಗಳಲ್ಲಿ ಸರ್ಕಾರಿ ಶಾಲೆ ಏಳನೇ ತರಗತಿಗೆ ಮುಗಿಯುತ್ತದೆ. ಮುಂದೆ ಓದಬೇಕೆಂದರೆ ಹೋಬಳಿ ಕೇಂದ್ರಕ್ಕೋ ತಾಲ್ಲೂಕು ಪಟ್ಟಣಕ್ಕೋ ಬಸ್ ಹಿಡಿಯಬೇಕು. ಇಬ್ಬರು ಮೂವರು ಶಿಕ್ಷಕರೇ ಎಲ್ಲ ವಿಷಯಗಳನ್ನೂ ಕಲಿಸುತ್ತಿದ್ದ, ಅವ್ವ ಅಂಗಳದಿಂದ ಕೂಗಿದರೆ ಕೇಳಿಸುತ್ತಿದ್ದ ಶಾಲೆಯನ್ನು ಬಿಟ್ಟು ಹನ್ನೆರಡು ಹದಿಮೂರರ ಮಗು, ಗಂಟೆ ಬಾರಿಸಿದಾಗಲೆಲ್ಲ ಶಿಕ್ಷಕರು ಬದಲಾಗುವ ದೊಡ್ಡ ಕಟ್ಟಡಕ್ಕೆ ಬರುತ್ತದೆ. ಸಮಾಜ ವಿಜ್ಞಾನ ಎಂಬ ಒಂದೇ ವಿಷಯದೊಳಗೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವೂ ಸಾಲುಗಟ್ಟಿ ಎದುರಾಗುತ್ತವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಆಸರೆಯೂ ಎಂಟನೇ ತರಗತಿ ದಾಟಿದ ಮೇಲೆ ಇರುವುದಿಲ್ಲ.

2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರಲ್ಲಿ ರಾಜ್ಯದ ಕೊನೆಯ ಸ್ಥಾನ ಯಾದಗಿರಿಗೆ ಬಂತು, 2025ರಲ್ಲಿ ಕಲಬುರಗಿಗೆ. ಫಲಿತಾಂಶ ಬಂದ ದಿನ ಎಲ್ಲರ ಬೆರಳೂ ಹತ್ತನೇ ತರಗತಿಯತ್ತ ತಿರುಗುತ್ತದೆ. ಮಗು ಕೈಬಿಟ್ಟು ಹೋಗುವುದು ಎಂಟನೇ ತರಗತಿಯ ಮೊದಲ ಐದಾರು ತಿಂಗಳಲ್ಲಿ ಎಂಬುದು ಪ್ರೌಢಶಾಲೆಯಲ್ಲಿ ಪಾಠ ಹೇಳುವ ನನ್ನ ದೃಢ ನಂಬಿಕೆ. ಅದು ಶಿಕ್ಷಕರ ಕಣ್ಣಿಗೆ ಬೀಳುವ ಮುಂಚೆ ಅದೇ ಬಸ್ಸಿನಲ್ಲಿ ಬರುವ ಒಂಬತ್ತನೇ ತರಗತಿಯ ಅಕ್ಕನಿಗೆ, ಅಣ್ಣನಿಗೆ ತಿಳಿದಿರುತ್ತದೆ. ಅವರನ್ನು ಜೊತೆಗೆ ಕಟ್ಟಿಕೊಳ್ಳಲು ಹಣ ಬೇಕಿಲ್ಲ, ಆದೇಶವೂ ಬೇಕಿಲ್ಲ. ಒಬ್ಬ ಶಿಕ್ಷಕರು ಹೊಣೆ ಹೊತ್ತರೆ ಸಾಕು.

ಕೆಲಸ ಶುರುವಾಗಬೇಕಾದ್ದು ಏಪ್ರಿಲ್‌ನಲ್ಲಿ

ಜೂನ್‌ನಲ್ಲಿ ದಾಖಲಾತಿ, ಪಠ್ಯಪುಸ್ತಕ, ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿ ಮಾಡುವ ಸೇತುಬಂಧ ಎಂದು ಶಾಲೆಗೆ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಬೇಸಿಗೆ ರಜೆಗೆ ಮುಂಚೆಯೇ ಸುತ್ತಲಿನ ಹಿರಿಯ ಪ್ರಾಥಮಿಕ ಶಾಲೆಗಳಿಂದ ಏಳನೇ ತರಗತಿ ಮಕ್ಕಳ ಪಟ್ಟಿ ಪಡೆಯಿರಿ. ಆಯಾ ಊರಿನ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಒಂದು ಮಧ್ಯಾಹ್ನ ಅಲ್ಲಿಗೆ ಕರೆದುಕೊಂಡು ಹೋಗಿ, ಮಕ್ಕಳು ಕೇಳಿದ್ದಕ್ಕೆ ಅವರೇ ಉತ್ತರ ಹೇಳಲಿ. ‘ಅಲ್ಲಿಯೂ ಊಟ ಕೊಡುತ್ತಾರೆಯೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬಿಸಿಯೂಟ ಹತ್ತನೇ ತರಗತಿಯವರೆಗೂ ಇದೆ. 2002ರಲ್ಲಿ ಅಕ್ಷರ ದಾಸೋಹ ಮೊದಲು ಆರಂಭವಾದದ್ದೇ ಈಶಾನ್ಯ ಕರ್ನಾಟಕದ ನಮ್ಮ ಜಿಲ್ಲೆಗಳಲ್ಲಿ.

ಇದೇ ಭೇಟಿಯಲ್ಲಿ ಕಾಗದಪತ್ರಗಳ ಮಾತೂ ಆಗಲಿ. ವರ್ಗಾವಣೆ ಪತ್ರ, ಆಧಾರ್, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಮಗುವಿನ ಹೆಸರಿನ ಬ್ಯಾಂಕ್ ಖಾತೆ ಇವಿಷ್ಟನ್ನು ರಜೆಯಲ್ಲೇ ಹೊಂದಿಸಿಕೊಳ್ಳಬೇಕು. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಇದ್ದರೆ ವಿದ್ಯಾರ್ಥಿವೇತನ ನಿಂತುಬಿಡುತ್ತದೆ. ಇದಕ್ಕಾಗಿ ಕಚೇರಿಗೆ ಅಲೆದು ಬಂದ ಅಣ್ಣ ಹೇಳಿದರೆ ತಂದೆತಾಯಿ ಬೇಗ ಎದ್ದು ಹೊರಡುತ್ತಾರೆ.

ಯಾರನ್ನು ಆರಿಸಬೇಕು?

ಹತ್ತನೇ ತರಗತಿಯವರನ್ನು ಬಿಟ್ಟುಬಿಡಿ, ಅವರ ತಲೆಯ ಮೇಲೆ ಪರೀಕ್ಷೆಯ ಹೊರೆ ಇದೆ. ಈಗ ಎಂಟರಲ್ಲಿದ್ದು ಜೂನ್‌ಗೆ ಒಂಬತ್ತಕ್ಕೆ ಹೋಗುವವರು ಎಲ್ಲರಿಗಿಂತ ಒಳ್ಳೆಯ ಆಯ್ಕೆ. ಹೊಸ ಶಾಲೆಯ ಅಂಜಿಕೆ ಅವರಿಗೆ ಇನ್ನೂ ನೆನಪಿರುತ್ತದೆ. ಪದವಿ ಪೂರ್ವ ಕಾಲೇಜಿನ ಆವರಣದಲ್ಲೇ ಪ್ರೌಢಶಾಲೆ ಇದ್ದರೆ ಪ್ರಥಮ ಪಿಯುಸಿಯವರಲ್ಲಿ ಒಬ್ಬಿಬ್ಬರನ್ನು ಸೇರಿಸಿಕೊಳ್ಳಬಹುದು.

ಅಂಕಪಟ್ಟಿ ಹಿಡಿದು ಮೊದಲ ಹತ್ತು ಮಂದಿಯನ್ನು ಕರೆಯುವ ಅಭ್ಯಾಸ ನಮ್ಮಲ್ಲಿದೆ. ಇಲ್ಲಿ ಅದು ಬೇಡ. ಗಣಿತ ತಾನಾಗಿ ಬಂದ ಹುಡುಗನಿಗೆ ಗಣಿತ ಬಾರದವನ ಸಂಕಟ ತಿಳಿಯುವುದು ಕಷ್ಟ. ಎಂಟನೇ ತರಗತಿಯ ಆರಂಭದಲ್ಲಿ ಎಡವಿ, ಹತ್ತಿಯ ಹಂಗಾಮಿನಲ್ಲಿ ಶಾಲೆ ತಪ್ಪಿಸಿ, ಮತ್ತೆ ಬಂದು ಕೂತು ಪಾಸಾದ ಮಗು ಸಿಕ್ಕರೆ ಕೈಬಿಡಬೇಡಿ. ಬೈಗುಳ, ಹೊಡೆತದ ಸ್ವಭಾವ ಇರಬಾರದು, ಹೇಳಿದ ಹೊತ್ತಿಗೆ ಬರಬೇಕು. ಬೇರೆ ಅರ್ಹತೆ ಬೇಡ.

ಜೋಡಿ ಮಾಡುವಾಗ ಹುಡುಗಿಗೆ ಅಕ್ಕ, ಹುಡುಗನಿಗೆ ಅಣ್ಣ. ಒಬ್ಬರಿಗೆ ಇಬ್ಬರು, ಹೆಚ್ಚೆಂದರೆ ಮೂವರು. ಒಂದೇ ಬಸ್ಸಿನಲ್ಲಿ ಬರುವವರಾದರೆ ಅರ್ಧ ಕೆಲಸ ದಾರಿಯಲ್ಲೇ ಆಗುತ್ತದೆ. ಮನೆಮಾತನ್ನೂ ಗಮನಿಸಿ. ಗುರುಮಠಕಲ್ ಕಡೆಯ ಮಗು ಮನೆಯಲ್ಲಿ ತೆಲುಗು ಆಡುತ್ತಿರಬಹುದು, ತಾಂಡಾದಿಂದ ಬಂದ ಮಗುವಿನದು ಲಂಬಾಣಿ, ಉರ್ದು ಶಾಲೆಯಲ್ಲಿ ಏಳರವರೆಗೆ ಓದಿ ಕನ್ನಡ ಮಾಧ್ಯಮಕ್ಕೆ ಬಂದವರೂ ಇರುತ್ತಾರೆ. ಅಂಥ ಮಗುವಿಗೆ ‘ವರ್ಗಮೂಲ’, ‘ದ್ಯುತಿಸಂಶ್ಲೇಷಣೆ’ ಎಂದರೇನೆಂದು ಮನೆಮಾತಿನಲ್ಲಿ ಒಂದು ಸಲ ಹೇಳಿಕೊಡುವವರಿದ್ದರೆ ಎಷ್ಟೋ ದಾರಿ ಸುಗಮವಾಗುತ್ತದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಅನುಕೂಲವೆಂದು ಓಣಿ ನೋಡಿ ಜೋಡಿ ಮಾಡಿದರೆ ನಮ್ಮ ಊರುಗಳಲ್ಲಿ ಅದು ಜಾತಿ ನೋಡಿ ಮಾಡಿದಂತೆಯೇ ಆಗುತ್ತದೆ. ಊರು ಒಂದೇ ಇರಲಿ, ಓಣಿ ಬೇರೆಯಾಗಲಿ. ಜೋಡಿಗಳು ಬಿಸಿಯೂಟಕ್ಕೆ ಪಕ್ಕಪಕ್ಕದಲ್ಲಿ ಕೂರುವುದನ್ನು ಜೂನ್‌ನ ಮೊದಲ ವಾರದಿಂದಲೇ ರೂಢಿ ಮಾಡಿಸಿ.

ಅಕ್ಕ-ಅಣ್ಣಂದಿರಿಗೆ ಅರ್ಧ ದಿನದ ತಯಾರಿ

ಎರಡೂ ಕಡೆಯ ತಂದೆತಾಯಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯಿರಿ. ಬಳಿಕ ಆಯ್ಕೆಯಾದವರನ್ನು ಕೂರಿಸಿಕೊಂಡು ಅವರು ಮಾಡಬಾರದ್ದನ್ನು ಮೊದಲು ಹೇಳಿ: ಹೊಡೆಯಬಾರದು, ಹಣ ಕೊಡುವುದು ಪಡೆಯುವುದು ಕೂಡದು, ತಮ್ಮ ಚೀಲ ಹೊರಿಸಬಾರದು, ಮನೆಪಾಠ ಬರೆದುಕೊಡಬಾರದು, ಫೋಟೊ ತೆಗೆದು ಹಂಚಬಾರದು. ಮಾತುಕತೆ ನಾಲ್ಕು ಜನ ಕಾಣುವ ಜಾಗದಲ್ಲೇ ನಡೆಯಬೇಕು.

ಅನಂತರ ಕೇಳುವುದನ್ನು ಅಭ್ಯಾಸ ಮಾಡಿಸಿ. ‘ಪಾಠ ಅರ್ಥವಾಯಿತೇ?’ ಎಂದರೆ ಯಾವ ಮಗುವೂ ಹೂಂ ಎನ್ನುತ್ತದೆ. ‘ನಿನ್ನೆ ಗಣಿತದ ಪಿರಿಯಡ್‌ನಲ್ಲಿ ಎಲ್ಲಿಯವರೆಗೆ ಬರೆದುಕೊಂಡೆ, ತೋರಿಸು ತಮ್ಮ’ ಎಂದರೆ ನೋಟ್‌ಬುಕ್ ಹೊರಬರುತ್ತದೆ. ಆ ಪುಟವನ್ನು ನೋಡಲು ಕಲಿಸಿ. ಬರವಣಿಗೆ ನಿಧಾನವಿರುವ ಮಗುವಿನ ಪುಟದಲ್ಲಿ ಮೊದಲ ನಾಲ್ಕು ಸಾಲು ದುಂಡಗಿರುತ್ತವೆ, ಐದನೆಯದು ಓರೆಯಾಗುತ್ತದೆ, ಆರನೆಯ ವಾಕ್ಯ ನಡುವೆಯೇ ನಿಂತಿರುತ್ತದೆ. ಅಷ್ಟರಲ್ಲಿ ಕರಿಹಲಗೆ ಒರೆಸಿ ಆಗಿದೆ. ಕೆಳಗೆ ಮೂರು ಬೆರಳು ಜಾಗ ಖಾಲಿ, ‘ಆಮೇಲೆ ಬರೆದುಕೊಳ್ಳುತ್ತೇನೆ’ ಎಂದು ಬಿಟ್ಟದ್ದು. ಆ ಖಾಲಿ ಜಾಗಗಳು ವಾರದಿಂದ ವಾರಕ್ಕೆ ಹೆಚ್ಚುತ್ತಿವೆಯೆಂದರೆ ಮಗು ಜಾರುತ್ತಿದೆ. ಅಲ್ಲಿ ಬೇಕಾದ ಸಹಾಯ ದೊಡ್ಡದಲ್ಲ: ಕುಳಿತು ಆ ಸಾಲುಗಳನ್ನು ತುಂಬಿಸಿ, ‘ಸರ್, ಇನ್ನೂ ಬರೆದಿಲ್ಲ’ ಎಂದು ಕೈ ಎತ್ತಿ ಹೇಳಲು ಧೈರ್ಯ ಕೊಡುವುದು. ಅರವತ್ತು ಮಕ್ಕಳ ತರಗತಿಯಲ್ಲಿ ಅಷ್ಟೂ ಪುಟಗಳನ್ನು ಪ್ರತಿ ವಾರ ನೋಡಲು ಶಿಕ್ಷಕರಿಗೆ ಆಗುವುದಿಲ್ಲ. ಇಬ್ಬರ ಪುಟ ನೋಡುವುದು ಅಕ್ಕನಿಗೆ ಆಗುತ್ತದೆ.

ಮೊದಲ ವಾರ

ಮೊದಲ ದಿನ ಬಸ್ ನಿಲ್ದಾಣದಿಂದಲೇ ಜೊತೆಯಾಗಿ ನಡೆಯಲಿ. ಕುಡಿಯುವ ನೀರು, ಶೌಚಾಲಯ, ತಟ್ಟೆ ತೊಳೆಯುವ ಜಾಗ ತೋರಿಸಲಿ. ವೇಳಾಪಟ್ಟಿ ಬರೆಯಿಸಿ, ಅದನ್ನು ನೋಡಿ ಚೀಲ ಹೊಂದಿಸುವುದನ್ನು ಕಲಿಸಲಿ. ಇಲ್ಲದಿದ್ದರೆ ಮಕ್ಕಳು ಅಷ್ಟೂ ಪುಸ್ತಕಗಳನ್ನು ದಿನವೂ ಹೊತ್ತು ತರುತ್ತಾರೆ. ಮುಟ್ಟಿನ ದಿನಗಳಲ್ಲಿ ಶಾಲೆಯಲ್ಲಿ ಯಾವ ಮೇಡಂ ಬಳಿ ಹೋಗಬೇಕೆಂಬುದನ್ನು ಅಕ್ಕ ಮೊದಲ ವಾರವೇ ತಂಗಿಗೆ ತಿಳಿಸಿರಬೇಕು. ಬಸ್ಸಿನ ವಿಷಯದಲ್ಲಿ, 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಹುಡುಗಿಯರಿಗೆ ಗುರುತಿನ ಚೀಟಿ ಇದ್ದರೆ ಸಾಕು. ಹುಡುಗರು ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ವಿದ್ಯಾರ್ಥಿ ಪಾಸ್‌ಗೆ ಅರ್ಜಿ ಹಾಕಬೇಕು. ಪಾಸ್ ತಡವಾಗಿ, ಕೈಯಲ್ಲಿ ಹಣವಿಲ್ಲದೆ ಮೊದಲ ಎರಡು ವಾರ ಮನೆಯಲ್ಲೇ ಉಳಿಯುವ ಹುಡುಗರಿದ್ದಾರೆ. ಹೋದ ವರ್ಷ ಅರ್ಜಿ ಹಾಕಿದ ಅಣ್ಣನಿಗೆ ದಾರಿ ಗೊತ್ತು, ಅವನೇ ಮುಂದೆ ನಿಲ್ಲಲಿ.

ವಾರಕ್ಕೊಮ್ಮೆ ಇಪ್ಪತ್ತು ನಿಮಿಷ

ಜೋಡಿಗಳ ಭೇಟಿಯನ್ನು ಶನಿವಾರ ಶಾಲೆ ಬಿಟ್ಟ ಮೇಲೆ ಎಂದು ಇಟ್ಟುಕೊಂಡರೆ ಬಸ್ ತಪ್ಪುತ್ತದೆ, ಎರಡನೇ ವಾರಕ್ಕೆ ಯಾರೂ ನಿಲ್ಲುವುದಿಲ್ಲ. ವಾರದ ಮಧ್ಯೆ ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ಗೊತ್ತು ಮಾಡಿ. ಪ್ರತಿ ಅಕ್ಕ, ಅಣ್ಣನ ಬಳಿ ಒಂದು ಸಣ್ಣ ಪುಸ್ತಕ ಇರಲಿ: ಎಷ್ಟು ದಿನ ಬಂದರು, ಬಾರದ ಕಾರಣವೇನು, ಯಾವ ಪಾಠ ಉಳಿದಿದೆ. ಮನೆಯ ಗುಟ್ಟಿನ ಮಾತುಗಳನ್ನು ಅದರಲ್ಲಿ ಬರೆಯಬಾರದು. ಹೊಣೆ ಹೊತ್ತ ಶಿಕ್ಷಕರು ಹದಿನೈದು ದಿನಕ್ಕೊಮ್ಮೆ ಎಲ್ಲ ಅಕ್ಕ-ಅಣ್ಣಂದಿರೊಂದಿಗೆ ಕುಳಿತು ಆ ಪುಸ್ತಕ ನೋಡಬೇಕು. ಶಿಕ್ಷಕರು ನೋಡುವುದನ್ನು ನಿಲ್ಲಿಸಿದ ದಿನ ಮಕ್ಕಳೂ ಬರೆಯುವುದನ್ನು ನಿಲ್ಲಿಸುತ್ತಾರೆ.

ದಸರೆಯ ನಂತರ: ಎಲ್ಲಕ್ಕಿಂತ ಕಷ್ಟದ ಕಾಲ

ಶಹಾಪುರ, ಸುರಪುರ ಸೀಮೆಯಲ್ಲಿ ಹತ್ತಿ ಒಡೆಯುವುದು, ಮೆಣಸಿನಕಾಯಿ ಕೀಳುವುದು, ಅತ್ತ ಕಲಬುರಗಿ ಕಡೆ ತೊಗರಿ ರಾಶಿ, ಎಲ್ಲವೂ ದಸರೆಯ ನಂತರ ಒಂದರ ಹಿಂದೊಂದು ಬರುತ್ತವೆ. ಹತ್ತಿ ಬಿಡಿಸುವುದಕ್ಕೆ ಕೂಲಿ ಕಿಲೋ ಲೆಕ್ಕದಲ್ಲಿ. ಮನೆಯಿಂದ ಎರಡು ಕೈ ಹೆಚ್ಚಾದರೆ ಅಷ್ಟು ಹಣ ಹೆಚ್ಚು. ಬೆಂಗಳೂರು, ಮುಂಬೈ, ಹೈದರಾಬಾದ್‌ಗಳಿಗೆ ಗುಳೆ ಹೋಗುವ ಕುಟುಂಬಗಳೂ ಈ ಹೊತ್ತಿಗೆ ಹೊರಡುತ್ತವೆ. ಹಸಿದ ಮನೆಗೆ ಉಪದೇಶ ಹೇಳಲು ಹದಿನಾಲ್ಕರ ಹುಡುಗಿಯನ್ನು ಕಳಿಸಬೇಡಿ. ಅದು ಶಿಕ್ಷಕರು, ಶಾಲಾ ಸಮಿತಿಯವರು ಹೋಗಿ ಆಡಬೇಕಾದ ಮಾತು. ಮಗುವನ್ನು ಅಜ್ಜಿಯ ಬಳಿ ಬಿಡಬಹುದೇ, ಹಾಸ್ಟೆಲ್‌ನಲ್ಲಿ ಜಾಗ ಸಿಗುತ್ತದೆಯೇ ಎಂಬುದನ್ನು ಸೆಪ್ಟೆಂಬರ್‌ನಲ್ಲೇ ವಿಚಾರಿಸಿ.

ಅಕ್ಕ-ಅಣ್ಣಂದಿರ ಪಾಲಿಗೆ ಮೂರು ಕೆಲಸಗಳಿವೆ. ‘ಮುಂದಿನ ವಾರದಿಂದ ಹೊಲಕ್ಕೆ’ ಎಂಬ ಮಾತು ಬಸ್ಸಿನಲ್ಲಿ ಕಿವಿಗೆ ಬಿದ್ದ ಕೂಡಲೇ ಶಿಕ್ಷಕರಿಗೆ ತಿಳಿಸುವುದು ಮೊದಲನೆಯದು. ತಪ್ಪಿದ ದಿನಗಳ ಟಿಪ್ಪಣಿಯನ್ನು ಸಂಜೆ ಮನೆಗೆ ಮುಟ್ಟಿಸುವುದು ಎರಡನೆಯದು. ಮಗು ಮರಳಿ ಬಂದ ದಿನ ತರಗತಿಯ ಬಾಗಿಲವರೆಗೆ ಜೊತೆಗೆ ಹೋಗುವುದು ಮೂರನೆಯದು, ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಮೂರು ವಾರ ಬಿಟ್ಟು ಬಂದ ಮಗು ಪಾಠಕ್ಕಿಂತ ಹೆಚ್ಚಾಗಿ ‘ಬಂದೆಯಾ?’ ಎಂಬ ಎಲ್ಲರ ನೋಟಕ್ಕೆ ಹೆದರುತ್ತದೆ. ಶಿಕ್ಷಕರು ಅಂದು ಬೈಯದೆ ಹಾಜರಿ ಹಾಕಿಕೊಂಡರೆ ಆ ಮಗು ನಾಳೆಯೂ ಬರುತ್ತದೆ.

ಗುಟ್ಟು ಕಾಯಬಾರದ ಸಂಗತಿಗಳು

ಮದುವೆಯ ಮಾತು, ಮನೆಯಲ್ಲಿ ಹೊಡೆತ, ಯಾರಾದರೂ ಮೈ ಮುಟ್ಟಿ ಕಾಡುವುದು, ಸಾಯುವ ಮಾತು. ಇವುಗಳಲ್ಲಿ ಯಾವುದು ಕಿವಿಗೆ ಬಿದ್ದರೂ ಅದೇ ದಿನ ಶಿಕ್ಷಕರಿಗೆ ಹೇಳಬೇಕು. ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಮಾಡುವ ಮದುವೆಯನ್ನು 2006ರ ಕಾಯ್ದೆ ನಿಷೇಧಿಸಿದೆ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ತೆರೆದಿರುತ್ತದೆ. ಈ ಸಂಖ್ಯೆಯನ್ನು ಎಲ್ಲ ಮಕ್ಕಳಿಗೂ ಬಾಯಿಪಾಠ ಮಾಡಿಸಿ. ಅಕ್ಕ-ಅಣ್ಣಂದಿರು ವಿಚಾರಣೆ ಮಾಡಲು, ಆ ಮನೆಗೆ ಹೋಗಿ ಜಗಳವಾಡಲು ಹೋಗಬಾರದು. ‘ನಾನು ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬಾರದೆಂದು ತಯಾರಿಯ ದಿನವೇ ತಿಳಿಸಿರಿ.

ಎಂಟರಲ್ಲೇ ಬರೆಯಬೇಕಾದ ಒಂದು ಪರೀಕ್ಷೆ

ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕಾಗಿ ನಡೆಯುವ ಎನ್‌ಎಂಎಂಎಸ್ ಪರೀಕ್ಷೆ ಇರುವುದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯವರಿಗೆ. ತಂದೆತಾಯಿಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು, ಏಳನೇ ತರಗತಿಯಲ್ಲಿ ಶೇ 55 ಅಂಕ ಇರಬೇಕು. ಪರಿಶಿಷ್ಟರಿಗೆ ಶೇ 5ರ ರಿಯಾಯಿತಿ. ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಮಗುವನ್ನು ಶಾಲೆ ಬಿಡಿಸಬೇಕೆಂದು ಯೋಚಿಸುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಬೌದ್ಧಿಕ ಸಾಮರ್ಥ್ಯದ ಪತ್ರಿಕೆ ಮಕ್ಕಳಿಗೆ ಹೊಸದು. ಹಿಂದಿನ ವರ್ಷ ಬರೆದವರು, ಆಯ್ಕೆಯಾಗದಿದ್ದವರೂ ಸೇರಿ, ವಾರಕ್ಕೆ ಹತ್ತು ಪ್ರಶ್ನೆ ಬಿಡಿಸಿ ತೋರಿಸಿದರೆ ಅದರ ಅಂಜಿಕೆ ಹೋಗುತ್ತದೆ.

ಫೆಬ್ರುವರಿಯಲ್ಲಿ ಹಸ್ತಾಂತರ

ವಾರ್ಷಿಕ ಪರೀಕ್ಷೆಯ ಸಿದ್ಧತೆ ಶುರುವಾದಾಗ ಭೇಟಿಗಳನ್ನು ನಿಲ್ಲಿಸಿ. ಅಕ್ಕ-ಅಣ್ಣಂದಿರ ಓದು ಕೆಡಬಾರದು. ನಿಲ್ಲಿಸುವ ಮುಂಚೆ ಎಂಟನೇ ತರಗತಿಯವರನ್ನು ಒಬ್ಬೊಬ್ಬರನ್ನಾಗಿ ಕರೆದು ಎರಡು ಪ್ರಶ್ನೆ ಕೇಳಿ: ಈ ವರ್ಷ ಯಾವ ತಿಂಗಳು ಹೆಚ್ಚು ಕಷ್ಟವಾಯಿತು? ಜೂನ್‌ನಲ್ಲಿ ಬರುವವರಿಗೆ ಅಕ್ಕನಾಗಿ, ಅಣ್ಣನಾಗಿ ನಿಲ್ಲುವೆಯಾ? ಒಪ್ಪಿದವರ ಹೆಸರು, ಊರು, ಬರುವ ಬಸ್ಸು, ಮನೆಮಾತು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮುಖ್ಯ ಶಿಕ್ಷಕರ ಕೈಗೆ ಕೊಡಿ. ಹೊಣೆ ಹೊತ್ತ ಶಿಕ್ಷಕರಿಗೆ ಬೇಸಿಗೆಯಲ್ಲಿ ವರ್ಗವಾದರೂ ಹೊಸಬರ ಕೈಗೆ ಆ ಹಾಳೆ ಸಿಗಬೇಕು.