ಆಟೊ ಬಾಡಿಗೆಯನ್ನು ಫಂಕ್ಷನ್ ಆಗಿ ಬರೆಯುವುದು ಹೇಗೆ?

ಹೈಸ್ಕೂಲಿನಲ್ಲಿ ಗಣಿತ ಚೆನ್ನಾಗಿಯೇ ಬರುತ್ತಿದ್ದ ಎಷ್ಟೋ ಮಕ್ಕಳು ಪಿಯುಸಿಯಲ್ಲಿ ‘ಎಫ್ ಆಫ್ ಎಕ್ಸ್’, ಅಂದರೆ f(x), ಎದುರಾದ ಕೂಡಲೇ ತಡವರಿಸುತ್ತಾರೆ. ಆವರಣ ಕಂಡರೆ ಗುಣಿಸಬೇಕು ಎಂದೇ ಅಷ್ಟು ವರ್ಷ ಕಲಿತಿರುತ್ತಾರೆ. ಇಲ್ಲಿ ಅದೇ ಆವರಣಕ್ಕೆ ಬೇರೆ ಕೆಲಸ. ಒಂದು ಅಳತೆ ಕೊಟ್ಟರೆ ಅದಕ್ಕೆ ತಕ್ಕ ಇನ್ನೊಂದನ್ನು ಹೇಳುವ ನಿಯಮವೇ ಫಂಕ್ಷನ್, f(x) ಅದನ್ನು ಬರೆಯುವ ರೀತಿ. 1734ರಲ್ಲಿ ಗಣಿತಜ್ಞ ಆಯ್ಲರ್ ಬಳಕೆಗೆ ತಂದ ಈ ಬರವಣಿಗೆಯನ್ನು ಅರ್ಥ ಮಾಡಿಕೊಳ್ಳಲು ಬೆಂಗಳೂರಿನ ಆಟೊ ಮೀಟರ್ ಸಾಕು.

ಮೊದಲು ಯಾವುದು ಯಾವುದರ ಮೇಲೆ ನಿಂತಿದೆ ಎಂದು ಗುರುತಿಸಿ. 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ದರದಂತೆ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18 ರೂಪಾಯಿ. ಬಾಡಿಗೆ ನಿಂತಿರುವುದು ದೂರದ ಮೇಲೆ. ದೂರಕ್ಕೆ ‘ದ’, ಬಾಡಿಗೆಯ ನಿಯಮಕ್ಕೆ ‘ಬ’ ಎಂದು ಹೆಸರಿಡೋಣ. ಪಠ್ಯಪುಸ್ತಕದ ಎಕ್ಸ್ ಮತ್ತು ಎಫ್ ಮಾಡುವ ಕೆಲಸವೂ ಇದೇ.

ಈಗ ನಿಯಮ ಬರೆಯಿರಿ. ದೂರ 2 ಕಿ.ಮೀ. ದಾಟಿದರೆ:

ಬ(ದ) = 36 + 18 × (ದ − 2)

ಈ ಒಂದೇ ಸಾಲಿನಲ್ಲಿ ಎರಡು ಆವರಣಗಳಿವೆ. ಬಲಗಡೆಯದು ನಮಗೆ ಗೊತ್ತಿರುವುದೇ: ದೂರದಲ್ಲಿ 2 ಕಳೆದು 18ರಿಂದ ಗುಣಿಸು. ಎಡಗಡೆಯದು ಗುಣಾಕಾರವಲ್ಲ. ‘ದ ಎಂಬ ದೂರಕ್ಕೆ ಬಾಡಿಗೆ ಎಷ್ಟು’ ಎಂದು ಅದನ್ನು ಓದಿಕೊಳ್ಳಬೇಕು. ಮಕ್ಕಳಿಗೆ ಈ ಸಾಲನ್ನು ಬಾಯಿಬಿಟ್ಟು ಓದಿಸಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಬಲಗಡೆಯದನ್ನು ಬಿಡಿಸಿದರೆ 36 + 18ದ − 36, ಅಂದರೆ ಬರೀ 18ದ. ಕನಿಷ್ಠ ದರವೆಂದು ನಾವು ಕೊಡುವುದು ಸರಿಯಾಗಿ 2 ಕಿ.ಮೀ.ಯ ಹಣ, ಒಂದು ರೂಪಾಯಿಯೂ ಹೆಚ್ಚಿಲ್ಲ. ಇದರ ಹಿಂದಿನ 30 ಮತ್ತು 15 ರೂಪಾಯಿಯ ದರದ ಲೆಕ್ಕವೂ ಹೀಗೆಯೇ ಇತ್ತು. ಹಾಗೆಂದು 18ದ ಎಂದಷ್ಟೇ ಬರೆದು ಬಿಟ್ಟರೆ 1 ಕಿ.ಮೀ.ಗೆ 18 ರೂಪಾಯಿ ಬರುತ್ತದೆ, ಆದರೆ ಮೀಟರ್ ತೋರಿಸುವುದು 36. ಆದ್ದರಿಂದ ನಿಯಮಕ್ಕೆ ಎರಡು ತುಂಡು ಬೇಕು: ದೂರ 2 ಕಿ.ಮೀ.ವರೆಗೆ ಇದ್ದರೆ ಬ(ದ) = 36, ಅದಕ್ಕಿಂತ ಹೆಚ್ಚಿದ್ದರೆ ಬ(ದ) = 18ದ.

ಇನ್ನು ಓದುವ ಅಭ್ಯಾಸ. ಬ(7) = 126 ಎಂದರೆ 7 ಕಿ.ಮೀ.ಗೆ 126 ರೂಪಾಯಿ. ಪರೀಕ್ಷೆಯಲ್ಲಿ ಹೆಚ್ಚು ಅಂಕ ಕಳೆಯುವುದು ಮುಂದಿನ ಜೋಡಿ. ಬ(90) ಎಂದರೆ 90 ಕಿ.ಮೀ. ಹೋದರೆ ಎಷ್ಟು? 1,620 ರೂಪಾಯಿ. ಬ(ದ) = 90 ಎಂದರೆ ಜೇಬಿನಲ್ಲಿರುವ 90 ರೂಪಾಯಿಗೆ ಎಷ್ಟು ದೂರ ಹೋಗಬಹುದು? 5 ಕಿ.ಮೀ. ಸಂಖ್ಯೆ ಅದೇ 90, ಒಂದು ಕಡೆ ಅದು ದೂರ, ಇನ್ನೊಂದು ಕಡೆ ಹಣ. ಆವರಣದ ಒಳಗಿರುವುದು ಯಾವಾಗಲೂ ಕಿಲೋಮೀಟರ್, ಸಮ ಚಿಹ್ನೆಯ ಆಚೆಗಿರುವುದು ಯಾವಾಗಲೂ ರೂಪಾಯಿ. ಉತ್ತರದ ಪಕ್ಕದಲ್ಲಿ ಅಳತೆ ಬರೆಯುವ ರೂಢಿ ಇದ್ದವರು ಇಲ್ಲಿ ಎಡವುವುದು ಕಡಿಮೆ.

ಬ(9) − ಬ(8) ಮಾಡಿ ನೋಡಿ, 18 ಬರುತ್ತದೆ. 2 ಕಿ.ಮೀ. ದಾಟಿದ ಮೇಲೆ ಯಾವ ಎರಡು ಅಕ್ಕಪಕ್ಕದ ಕಿಲೋಮೀಟರ್ ತೆಗೆದುಕೊಂಡರೂ ಅಷ್ಟೇ. ನಕ್ಷೆಯಲ್ಲಿ ಗೆರೆ ನೇರವಾಗಿ ಏರುವುದು ಅದಕ್ಕೇ. ಆದರೆ ಬ(2) − ಬ(1) ಸೊನ್ನೆ, ಅಲ್ಲಿ ಗೆರೆ ಮಲಗಿದೆ. ಬ(1) + ಬ(1) ಎಂದರೆ 72, ಬ(2) ಎಂದರೆ 36: ಮಧ್ಯದಲ್ಲಿ ಇಳಿದು ಬೇರೆ ಆಟೊ ಹಿಡಿದರೆ ದುಪ್ಪಟ್ಟು. ಕೂಡಿಸುವುದನ್ನು ಆವರಣದ ಒಳಗೆ ಮಾಡುವುದಕ್ಕೂ ಹೊರಗೆ ಮಾಡುವುದಕ್ಕೂ ಇರುವ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗಲಾರದು.

ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು. ಹೊಸದಾಗಿ ಲೆಕ್ಕ ಹಾಕುವ ಅಗತ್ಯವಿಲ್ಲ, ರಾ(ದ) = 1.5 × ಬ(ದ) ಎಂದರೆ ಮುಗಿಯಿತು. ರಾ(7) = 189.

ಇಳಿಯುವ ಗೆರೆಗೆ ಅಡುಗೆಮನೆಗೆ ಬನ್ನಿ. ಸಿಲಿಂಡರಿನಲ್ಲಿ 14.2 ಕೆ.ಜಿ. ಗ್ಯಾಸ್ ಇದೆ, ದಿನಕ್ಕೆ 400 ಗ್ರಾಂ ಖರ್ಚು ಎಂದುಕೊಳ್ಳೋಣ. ‘ದಿ’ ದಿನಗಳ ನಂತರ ಉಳಿಯುವುದು ಗ(ದಿ) = 14.2 − 0.4 × ದಿ. ಗ(10) = 10.2 ಕೆ.ಜಿ. ಗ(ದಿ) = 0 ಆಗುವುದು 35.5ಕ್ಕೆ, ಅಂದರೆ 36ನೇ ದಿನದ ಮಧ್ಯದಲ್ಲಿ ಒಲೆ ಆರುತ್ತದೆ. ಗ(40) ಕೇಳಿದರೆ ಸೂತ್ರ −1.8 ಎನ್ನುತ್ತದೆ, ಅಂಥ ಗ್ಯಾಸ್ ಯಾವ ಮನೆಯಲ್ಲೂ ಇಲ್ಲ. ಆದ್ದರಿಂದ ಸೂತ್ರದ ಪಕ್ಕದಲ್ಲೇ ‘ದಿ 0ಯಿಂದ 35.5ರವರೆಗೆ’ ಎಂದು ಬರೆಯಬೇಕು. ಎಷ್ಟೋ ಉತ್ತರಪತ್ರಿಕೆಗಳಲ್ಲಿ ಬಿಟ್ಟುಹೋಗುವ ಸಾಲು ಇದು. ನನ್ನ ಮಟ್ಟಿಗೆ ಸೂತ್ರದಷ್ಟೇ ಮುಖ್ಯವಾದದ್ದು.

ಆಟೊ ಸೂತ್ರಕ್ಕೂ ಇಂಥ ಮಿತಿ ಇದೆ. ಕಾಯಿಸಿದರೆ ಮೊದಲ 5 ನಿಮಿಷ ಉಚಿತ, ಆಮೇಲೆ ಪ್ರತಿ 15 ನಿಮಿಷಕ್ಕೆ 10 ರೂಪಾಯಿ. ಈ ಹಣ ದೂರದ ಮೇಲೆ ನಿಂತಿಲ್ಲ, ಹಾಗಾಗಿ ಬ(ದ) ಒಳಗೆ ಅದಕ್ಕೆ ಜಾಗವಿಲ್ಲ. ಕಾದ ನಿಮಿಷಗಳಿಗೆ ‘ನಿ’ ಎಂದು ಹೆಸರಿಟ್ಟು ಕಾ(ನಿ) ಎಂಬ ಇನ್ನೊಂದು ಫಂಕ್ಷನ್ ಬರೆದುಕೊಳ್ಳಿ. 7 ಕಿ.ಮೀ. ಹೋಗಿ, ದಾರಿಯಲ್ಲಿ 20 ನಿಮಿಷ ಕಾಯಿಸಿದ ದಿನದ ಬಾಡಿಗೆ ಬ(7) + ಕಾ(20) = 126 + 10, ಅಂದರೆ 136 ರೂಪಾಯಿ.