ಪೆಟ್ಟಿಗೆ ಹೇಳದ್ದನ್ನು ನೀವು ಹೇಳಿ: ಮಾಡೆಲ್ ವಿಮಾನದ ವಿಮರ್ಶೆ ಬರೆಯುವ ಬಗೆ

ಮಾಡೆಲ್ ವಿಮಾನದ ಪತ್ರಿಕೆ ಕೈಗೆ ಬಂದರೆ ಬಹಳ ಜನ ಮೊದಲು ತೆರೆಯುವುದು ವಿಮರ್ಶೆಯ ಪುಟವನ್ನೇ. ಹೊಸ ಕಿಟ್ (ಜೋಡಿಸಿ ರಿಮೋಟ್‌ನಿಂದ ಹಾರಿಸುವ ವಿಮಾನದ ಪೆಟ್ಟಿಗೆ) ಕೊಳ್ಳುವ ಆಸೆ ಇರುತ್ತದೆ, ಅದನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಇರುವುದಿಲ್ಲ. ತಮ್ಮ ಪರವಾಗಿ ಯಾರಾದರೂ ನೋಡಿ ಹೇಳಲಿ ಎಂದು ಕಾಯುತ್ತಿರುತ್ತಾರೆ. ಅಂಥವರಿಗೆ ‘ಬಣ್ಣ ಕಣ್ಣಿಗೆ ಹಬ್ಬ, ಹಾರಾಟ ಬಲು ಸೊಗಸು’ ಎಂದು ಬರೆದರೆ ಏನು ಉಪಯೋಗ? ಅಷ್ಟನ್ನು ಪೆಟ್ಟಿಗೆಯ ಮೇಲೇ ಅಚ್ಚು ಹಾಕಿರುತ್ತಾರೆ. ಅಲ್ಲಿ ಇಲ್ಲದ್ದನ್ನು ಅಳೆದು, ಹಾರಿಸಿ, ನೋಡಿ ಹೇಳುವುದೇ ವಿಮರ್ಶಕರ ಕೆಲಸ.

1. ಕಿಟ್ ಎಲ್ಲಿಂದ ಬಂತು?

ದುಡ್ಡು ಕೊಟ್ಟು ತಂದಿರೋ, ಕಂಪನಿಯವರು ಕಳಿಸಿಕೊಟ್ಟರೋ? ಮೊದಲ ಪ್ಯಾರಾದಲ್ಲೇ ಒಂದು ಸಾಲಿನಲ್ಲಿ ಹೇಳಿಬಿಡಿ. ಕಳಿಸಿಕೊಟ್ಟದ್ದಾದರೆ ತಪ್ಪೇನಿಲ್ಲ. ಆದರೆ ಅದೇ ಕಂಪನಿಯ ಜಾಹೀರಾತು ಪಕ್ಕದ ಪುಟದಲ್ಲಿದ್ದರೆ ಓದುವವರಿಗೆ ಅನುಮಾನ ಬರುವುದು ಸಹಜ, ಅಲ್ವಾ? ಮುಚ್ಚಿಡದೆ ಹೇಳಿದರೆ ನಿಮ್ಮ ಮೆಚ್ಚುಗೆಯ ಮಾತಿಗೂ ಬೆಲೆ ಬರುತ್ತದೆ.

2. ಪೆಟ್ಟಿಗೆ ತೆರೆದದ್ದು ಚಿಕ್ಕದಾಗಿರಲಿ

ಎಷ್ಟೋ ವಿಮರ್ಶೆಗಳ ಅರ್ಧ ಭಾಗ ಇಲ್ಲೇ ಮುಗಿದುಹೋಗುತ್ತದೆ. ಒಳಗೆ ಏನೇನಿದೆ, ಹಾರಿಸುವ ಮೊದಲು ಇನ್ನೂ ಏನೇನು ಕೊಳ್ಳಬೇಕು, ಅಷ್ಟು ಸಾಕು. ರಿಸೀವರ್ (ರಿಮೋಟ್‌ನ ಸಂಕೇತ ಹಿಡಿಯುವ ಸಾಧನ), ಬ್ಯಾಟರಿ, ಚಾರ್ಜರ್ ಬೇರೆ ತರಬೇಕಾದರೆ ಕೊಳ್ಳುವವರ ಲೆಕ್ಕ ಪೂರ್ತಿ ಬದಲಾಗುತ್ತದೆ.

3. ಜೋಡಿಸುವಾಗ ನೋಟ್‌ಬುಕ್ ಪಕ್ಕದಲ್ಲಿರಲಿ

ನಿಜವಾದ ವಿಷಯ ಶುರುವಾಗುವುದು ಇಲ್ಲಿಂದ. ಮೋಟರ್ ಕೂರುವ ಫೈರ್‌ವಾಲ್‌ನ ಅಂಟು ನೋಡಿ. ಹೊರಗಿನಿಂದ ಎಲ್ಲವೂ ಸರಿಯಾಗೇ ಕಾಣುತ್ತದೆ. ಟಾರ್ಚ್ ಹಾಕಿ ಒಳಗಡೆ ನೋಡಿದರೆ ಒಂದು ಮೂಲೆಯಲ್ಲಿ ಅಂಟು ತಾಕಿಯೇ ಇರುವುದಿಲ್ಲ. ಲ್ಯಾಂಡಿಂಗ್ ಗೇರ್ ಕೂರುವ ಮರದ ತುಂಡನ್ನು ಬೆರಳಿನಿಂದ ಒತ್ತಿ ನೋಡಿ. ಏಲರಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಆಡುವ ಪಟ್ಟಿ), ಎಲಿವೇಟರ್ (ಬಾಲದಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ) ಇವುಗಳ ಹಿಂಜ್‌ಗಳನ್ನು ಒಂದೊಂದಾಗಿ ಎಳೆದು ನೋಡಿ. ಬಾಲದ ನಡುವಿನಿಂದ ಎರಡೂ ರೆಕ್ಕೆಗಳ ತುದಿಗೆ ದಾರ ಹಿಡಿದು ಅಳೆಯಿರಿ. ಎರಡೂ ಕಡೆ ಒಂದೇ ಅಳತೆ ಬರದಿದ್ದರೆ ರೆಕ್ಕೆ ಸೊಟ್ಟಗೆ ಕೂತಿದೆ ಎಂದರ್ಥ.

ಅನುಭವಿಗಳು ಇಂಥ ಕೊರತೆ ಕಂಡರೆ ಎರಡು ಹನಿ ಎಪಾಕ್ಸಿ ಅಂಟು ಹಾಕಿ ಮುಂದೆ ಹೋಗುತ್ತಾರೆ. ಬರೆಯುವಾಗ ಅದು ನೆನಪಿಗೂ ಬರುವುದಿಲ್ಲ. ಆದರೆ ಅದೇ ಕಿಟ್ ತಂದ ಹೊಸಬರು ಹಾಗೇ ಹಾರಿಸುತ್ತಾರೆ, ಮೋಟರ್ ಗಾಳಿಯಲ್ಲೇ ಕಿತ್ತು ಬರುತ್ತದೆ. ಹಾಗಾಗಿ ನೀವು ಸರಿಮಾಡಿದ ಪ್ರತಿಯೊಂದನ್ನೂ ಬರೆಯಿರಿ. ಕೈಪಿಡಿಯ ಯಾವ ಹಂತ ಅರ್ಥವಾಗಲಿಲ್ಲ, ಯಾವ ಸ್ಕ್ರೂ ಉದ್ದ ಸಾಲಲಿಲ್ಲ, ಅದೂ ಬರಲಿ. ವಿಮರ್ಶೆಯಲ್ಲಿ ಇದಕ್ಕಿಂತ ಉಪಯೋಗದ ಭಾಗ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

4. ತೂಗಿ, ಅಳೆಯಿರಿ

ಬ್ಯಾಟರಿ ಹಾಕಿ, ಹಾರಲು ಸಿದ್ಧವಾದ ವಿಮಾನವನ್ನು ತೂಗಿ. ಪೆಟ್ಟಿಗೆಯ ಮೇಲಿನ ತೂಕವನ್ನೇ ಇಳಿಸಿಕೊಂಡರೆ ವಿಮರ್ಶೆ ದಾರಿ ತಪ್ಪುತ್ತದೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ರೆಕ್ಕೆ 125 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ. ಅಂದರೆ 25 ಚದರ ಡೆಸಿಮೀಟರ್. ಪೆಟ್ಟಿಗೆ ಹೇಳುವ ತೂಕ 1,000 ಗ್ರಾಂ, ತಕ್ಕಡಿ ತೋರಿಸಿದ್ದು 1,250. ರೆಕ್ಕೆಯ ಪ್ರತಿ ಚದರ ಡೆಸಿಮೀಟರ್ ಹೊರುವ ಭಾರ 40 ಗ್ರಾಂನಿಂದ 50ಕ್ಕೆ ಏರಿತು. ಸ್ಟಾಲ್ ಆಗುವ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದೆ ಹೋಗುವ ವೇಗ ಈ ಭಾರದ ವರ್ಗಮೂಲದ ಜೊತೆ ಏರುತ್ತದೆ, ಹಾಗಾಗಿ ಅದು ಸುಮಾರು ಶೇ 12ರಷ್ಟು ಜಾಸ್ತಿಯಾಗುತ್ತದೆ. ‘ನಿಧಾನವಾಗಿ ಇಳಿಯುವ ವಿಮಾನ’ ಎಂಬ ಜಾಹೀರಾತಿನ ಮಾತು ಎಷ್ಟು ನಿಜ ಎಂದು ಹಾರಿಸುವ ಮೊದಲೇ ಅಂದಾಜು ಸಿಕ್ಕಿತಲ್ಲ!

ಮುಂದೆ ವಾಟ್‌ಮೀಟರ್, ಅಂದರೆ ಮೋಟರ್ ಎಳೆಯುವ ವಿದ್ಯುತ್ ಅಳೆಯುವ ಮೀಟರ್. ವಿಮಾನವನ್ನು ಭದ್ರವಾಗಿ ಕಟ್ಟಿ, ಪ್ರೊಪೆಲ್ಲರ್‌ನ ಹಿಂದೆ ನಿಂತು ಪೂರ್ತಿ ಥ್ರಾಟಲ್ (ಮೋಟರ್‌ನ ವೇಗ) ಕೊಡಿ. 11 ವೋಲ್ಟ್, 25 ಆಂಪಿಯರ್ ಬಂದರೆ 275 ವಾಟ್. ನಮ್ಮ 1.25 ಕಿಲೋ ವಿಮಾನಕ್ಕೆ ಕಿಲೋಗೆ 220 ವಾಟ್ ಆಯಿತು. ಲೂಪ್, ರೋಲ್‌ನಂಥ ಸಾಧಾರಣ ಕಸರತ್ತಿಗೆ ಇದು ಸಾಕು. 2,200 ಎಂಎಎಚ್ ಬ್ಯಾಟರಿಯನ್ನು ಶೇ 80ರಷ್ಟು ಬಳಸಿದರೆ ಪೂರ್ತಿ ಥ್ರಾಟಲ್‌ನಲ್ಲಿ ಸಿಗುವುದು ನಾಲ್ಕು ನಿಮಿಷ ಚಿಲ್ಲರೆ. ‘12 ನಿಮಿಷ ಹಾರಾಟ’ ಎಂದು ಬರೆದಿದ್ದರೆ ಅದು ಎಂಥ ಹಾರಾಟ ಎಂದು ನೀವೇ ವಿವರಿಸಬೇಕಾಗುತ್ತದೆ. ಇನ್ನು ಜೊತೆಗೆ ಬಂದ ಇಎಸ್‌ಸಿ (ಮೋಟರ್‌ನ ವೇಗ ನಿಯಂತ್ರಿಸುವ ಸಾಧನ) 30 ಆಂಪಿಯರ್‌ವರೆಗೆ ತಾಳುವಂಥದು, ಕಂಪನಿಯವರೇ ಹೇಳಿದ ಪ್ರೊಪೆಲ್ಲರ್ ಹಾಕಿದರೆ ಮೀಟರ್ 34 ತೋರಿಸಿತು ಅಂದುಕೊಳ್ಳಿ. ಇದು ದಪ್ಪಕ್ಷರದಲ್ಲಿ ಬರಬೇಕಾದ ಮಾತು.

ಗುರುತ್ವ ಕೇಂದ್ರವನ್ನು ಮಿಲಿಮೀಟರ್‌ನಲ್ಲೇ ಕೊಡಿ. ರೆಕ್ಕೆಯ ಮುಂದಿನ ಅಂಚಿನಿಂದ ಎಷ್ಟು ಹಿಂದೆ? ಕೈಪಿಡಿ ಹೇಳಿದ್ದೆಷ್ಟು, ಹಾರಿಸಿದ ಮೇಲೆ ನಿಮಗೆ ಸರಿಹೋದದ್ದೆಷ್ಟು? ಈ ಕೇಂದ್ರ ತೀರಾ ಹಿಂದಿದ್ದರೆ ಬಾಲ ಭಾರವಾಗಿ ವಿಮಾನ ಹಿಡಿತಕ್ಕೆ ಸಿಗದೆ ಹೋಗುತ್ತದೆ, ಆದ್ದರಿಂದ ಈ ಒಂದು ಸಂಖ್ಯೆ ಯಾರದೋ ವಿಮಾನವನ್ನು ಉಳಿಸಬಹುದು.

5. ಹಾರಿಸುವಾಗ ಏನು ನೋಡಬೇಕು?

ಗಾಳಿ ಹೇಗಿತ್ತು, ರನ್‌ವೇ ಹುಲ್ಲಿನದೋ ಡಾಂಬರಿನದೋ ಮೊದಲು ಬರೆಯಿರಿ. ಸಾಕಷ್ಟು ಎತ್ತರಕ್ಕೆ ಒಯ್ದು ಥ್ರಾಟಲ್ ತಗ್ಗಿಸಿ, ಸ್ಟಾಲ್ ಆಗುವವರೆಗೆ ಎಲಿವೇಟರ್ ನಿಧಾನವಾಗಿ ಎಳೆಯುತ್ತಾ ಹೋಗಿ. ಮೂಗು ನೇರವಾಗಿ ಕೆಳಗೆ ಬಾಗಿತೋ, ಒಂದು ರೆಕ್ಕೆ ಥಟ್ಟನೆ ಬಿದ್ದು ತಿರುಗಿತೋ? ಇಳಿಯುವಾಗ ನೆಲದ ಹತ್ತಿರ ಹೀಗಾದರೆ ಏನು ಗತಿ ಎಂಬುದು ಓದುವವರಿಗೆ ತಿಳಿಯಬೇಕು. ಮೋಟರ್ ನಿಲ್ಲಿಸಿ ತೇಲಿಸಿ ನೋಡಿ. ಥ್ರಾಟಲ್ ಒಮ್ಮೆಲೇ ಏರಿಸಿದಾಗ ಮೂಗು ಮೇಲೇಳುತ್ತದೆಯೇ, ಅಡ್ಡಗಾಳಿಯಲ್ಲಿ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಸಾಲುತ್ತದೆಯೇ, ಇವೂ ಸೇರಲಿ.

ಪಳಗಿದ ಕೈಗೆ ಒಂದು ತೊಂದರೆ ಇದೆ. ವಿಮಾನ ಸ್ವಲ್ಪ ವಾಲಿದರೆ ಸಾಕು, ಹೆಬ್ಬೆರಳು ತಾನಾಗಿಯೇ ಸರಿಮಾಡಿಬಿಡುತ್ತದೆ, ದೋಷ ಇದ್ದದ್ದೇ ಗೊತ್ತಾಗುವುದಿಲ್ಲ. ಅದಕ್ಕೇ ಕಡಿಮೆ ಅನುಭವದ ಒಬ್ಬರ ಕೈಗೂ ಟ್ರಾನ್ಸ್‌ಮಿಟರ್ ಕೊಟ್ಟು ಪಕ್ಕದಲ್ಲಿ ನಿಂತು ನೋಡಿ. ಅವರು ಎಲ್ಲಿ ತಡವರಿಸಿದರು ಎಂಬುದನ್ನು ಬರೆಯಿರಿ. ಒಂದೇ ಸಂಜೆಯ ಹಾರಾಟದಲ್ಲಿ ಎಲ್ಲ ಮುಗಿಸಬೇಡಿ. ಹೊಸತನದ ಖುಷಿ ಇಳಿದು, ಗಾಳಿ ಬೇರೆಯಾದ ದಿನವೂ ಹಾರಿಸಿ.

6. ಯಾರಿಗೆ ಹೊಂದುತ್ತದೆ?

‘ಎಲ್ಲರಿಗೂ’ ಎಂದರೆ ಯಾರಿಗೂ ಸಹಾಯವಾಗದು. ರೆಕ್ಕೆ ಮೇಲ್ಗಡೆ ಇದ್ದು, ತುದಿಗಳು ಸ್ವಲ್ಪ ಮೇಲಕ್ಕೆತ್ತಿದ್ದರೆ ವಾಲಿದ ವಿಮಾನ ತಾನೇ ಸಮವಾಗಲು ನೋಡುತ್ತದೆ, ಕಲಿಯುವವರಿಗೆ ಅದು ಒಳ್ಳೆಯದು. ಕೆಳ ರೆಕ್ಕೆಯ ಕಸರತ್ತಿನ ವಿಮಾನ ಹಾಗಲ್ಲ, ಬಿಟ್ಟ ಹಾಗೇ ಇರುತ್ತದೆ. ನೀವು ಹಾರಿಸಿರುವ ಅದೇ ಅಳತೆಯ ಇನ್ನೊಂದು ವಿಮಾನದ ಜೊತೆ ಹೋಲಿಸಿ ಹೇಳಿದರೆ ಓದುವವರಿಗೆ ತಕ್ಷಣ ಹಿಡಿತ ಸಿಗುತ್ತದೆ.

7. ಅಚ್ಚಿಗೆ ಕೊಡುವ ಮುಂಚೆ

ದೋಷ ಸಿಕ್ಕಿದ್ದರೆ ಕಂಪನಿಗೆ ಬರೆದು ಕೇಳಿ, ಬಂದ ಉತ್ತರವನ್ನೂ ಪ್ರಕಟಿಸಿ. ನೀವು ಕಂಡದ್ದನ್ನು ಮಾತ್ರ ಆ ಉತ್ತರಕ್ಕಾಗಿ ಅಳಿಸಬೇಡಿ. ಬಿಡಿಭಾಗ ಬೇರೆಯಾಗಿ ಸಿಗುತ್ತದೆಯೇ ಎಂದು ವಿಚಾರಿಸಿ, ಯಾಕೆಂದರೆ ಮೊದಲು ಮುರಿಯುವುದು ಸಾಮಾನ್ಯವಾಗಿ ಪ್ರೊಪೆಲ್ಲರ್ ಮತ್ತು ಲ್ಯಾಂಡಿಂಗ್ ಗೇರ್. ಕೊನೆಗೆ ಒಂದು ಸಣ್ಣ ಪಟ್ಟಿ ಕೊಡಿ: ತೂಗಿದ ತೂಕ, ಪ್ರೊಪೆಲ್ಲರ್ ಅಳತೆ, ಬ್ಯಾಟರಿ, ಪೂರ್ತಿ ಥ್ರಾಟಲ್‌ನ ಆಂಪಿಯರ್, ಗುರುತ್ವ ಕೇಂದ್ರ, ಏಲರಾನ್, ಎಲಿವೇಟರ್, ರಡ್ಡರ್ ಎಷ್ಟೆಷ್ಟು ಮಿ.ಮೀ. ತಿರುಗುತ್ತವೆ ಎಂಬುದು. ಕಿಟ್ ಕೊಂಡವರು ಆ ಪುಟವನ್ನೇ ಕತ್ತರಿಸಿ ಮೈದಾನಕ್ಕೆ ಒಯ್ಯುತ್ತಾರೆ.